ಟೂಟಿ ಗೊತ್ತು, ಯೂರಲೀನ್ ಗೊತ್ತಿಲ್ಲ

ಅಲಬಾಮಾದಲ್ಲಿ ನವೆಂಬರಿನ ಮಂಗಳವಾರ. ಹತ್ತಿ ಬಿಡಿಸಿ ಬೋಳಾದ ಹೊಲಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಓಟು ಆಗತಾನೇ ಶುರುವಾಗಿತ್ತು.

“ಟೂಟಿ ಗೊತ್ತು ಕಣೇ ನಂಗೆ. ಪಟ್ಟೀಲಿರೋ ಈ ಯೂರಲೀನ್ ಮೋಸ್ಲಿ ಅನ್ನೋಳು ಯಾವಳೋ, ನಾ ಕಾಣೆ,” ಅಂದ ಮತಗಟ್ಟೆಯ ಅಧಿಕಾರಿ ಹಾಲಿಸ್ ಕ್ರ್ಯಾಂಡಲ್.

ದಣಿ ತಮಾಷೆಗೆ ಅಂತಾನೆ ಅಂದುಕೊಂಡು ಯೂರಲೀನ್ ನಕ್ಕಳು. ನಲವತ್ತು ವರ್ಷ ಅವನ ಮನೆಯ ಒಲೆ ಹಚ್ಚಿದವಳು, ಎಳೆಯನಾಗಿದ್ದಾಗ ಅವನ ಮೂಗು ಒರೆಸಿದವಳು. ಈಗ ಹಾಸಿಗೆ ಹಿಡಿದ ಅವನ ತಾಯಿಯ ಹೇಲುಚ್ಚೆ ಬಳಿಯುವವಳೂ ಇವಳೇ. ಯೂರಲೀನ್ ಅನ್ನುವುದು ನಾಲಿಗೆಗೆ ಭಾರ ಅಂತ ಆ ತಾಯಿಯೇ ಮೊದಲ ದಿನ ಟೂಟಿ ಅಂದಿದ್ದಳು. ಆಮೇಲೆ ಆ ಮನೆಯಲ್ಲಿ ಯಾರೂ ಅವಳ ಹೆಸರು ಕೇಳಲಿಲ್ಲ. ಅವರ ಬೇಟೆನಾಯಿಗೆ ಮಾತ್ರ ಮನೆತನದ ಹೆಸರೂ ಇತ್ತು.

“ಗುರುತಿನ ಚೀಟಿ ತಾ, ಓಟು ಹಾಕು.”

“ಎಲ್ಲಿಂದ ತರ್ಲಿ ದಣಿ? ಚೀಟಿ ಕೊಡೋ ಆಫೀಸು ತಿಂಗಳಿಗೊಂದಿನ ಬಾಗ್ಲು ತೆಗೀತದೆ. ಅವತ್ತು ರಜ ಕೊಡೋರ್ಯಾರು, ನೀವಾ? ಅಂಗೂ ಒಂದ್ಸಲ ಹೋದ್ರೆ ಹುಟ್ಟಿದ ಕಾಗದ ತಾ ಅಂದ. ಹುಟ್ಟಿದ ಕಾಗದ ಕೊಡೋನು ಗುರುತಿನ ಚೀಟಿ ತಾ ಅಂದ. ಅಂಗಾರೆ ನಾನು ಹುಟ್ಟೇ ಇಲ್ಲ ಅಂತ ಬರ್ಕೊಡಪ್ಪ, ಸಾಯೋದಾದ್ರೂ ತಪ್ತದೆ ಅಂದೆ.”

ಸಾಲಿನಲ್ಲಿ ನಿಂತವರು ಕಿಸಕ್ಕೆಂದರು. ಹಾಲಿಸ್ ನಗಲಿಲ್ಲ.

ಅಲಬಾಮಾದ ಕಾನೂನು ಒಂದು ಕಿಂಡಿ ಬಿಟ್ಟಿತ್ತು. ಚೀಟಿ ಇಲ್ಲದವರನ್ನು ಮತಗಟ್ಟೆಯ ಇಬ್ಬರು ಅಧಿಕಾರಿಗಳು ‘ನಾವು ಬಲ್ಲೆವು’ ಅಂತ ಆಣೆ ಮಾಡಿ ರುಜು ಹಾಕಿದರೆ ಸಾಕು. ಅಧಿಕಾರಿಗಳಲ್ಲಿ ಒಬ್ಬಳಾದ, ಯೂರಲೀನಳ ಕೇರಿಯ ವರ್ನೀಸ್ ಆಗಲೇ ರುಜು ಹಾಕಿಯಾಗಿತ್ತು. ಮೂರನೆಯ ಅಧಿಕಾರಿ ಊರಿಗೆ ಹೊಸಬ. ಉಳಿದದ್ದು ಹಾಲಿಸ್.

“ಹಾಕ್ಬಿಡಿ ಸಾರ್. ಯೂರಲೀನ್ ದೊಡ್ಡಮ್ಮ ನಿಮ್ಮನೇಲೇ ಸವೆದೋಯ್ತು,” ಅಂದಳು ವರ್ನೀಸ್.

“ಆಣೆ ವಿಷ್ಯ ಕಣಮ್ಮ. ಈ ಹೆಸರು ಇವಳದೇ ಅಂತ ನಂಗೇನು ಖಾತ್ರಿ? ದೇವ್ರ ಮುಂದೆ ಸುಳ್ಳು ಹೇಳಕ್ಕಾಯ್ತದಾ?”

ದೇವರ ಭಯ ಅವನಿಗೆ ಆ ಬೆಳಿಗ್ಗೆ ಹುಟ್ಟಿದ್ದು. ಚುನಾವಣೆಗೆ ಮತ್ತೆ ನಿಂತಿದ್ದವನು ಅವನ ದೊಡ್ಡಪ್ಪನ ಮಗ. ಕೇರಿಗೆ ಒಳಚರಂಡಿ ಹಾಕಿಸುತ್ತೇನೆ ಅಂತ ಗೆದ್ದು, ತನ್ನ ಮೀನಿನ ಕೆರೆಗೆ ಕೊಳವೆ ಹಾಕಿಸಿಕೊಂಡವನು. ಜೋರು ಮಳೆ ಬಂದರೆ ಯೂರಲೀನಳ ಬಚ್ಚಲಲ್ಲಿ ಹೇಲು ತೇಲುತ್ತಿತ್ತು. ಅವನನ್ನು ಇಳಿಸಲೇಬೇಕು ಅಂತ ಅವಳು ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಬಂದಿದ್ದಳು.

“ಬೇಕಾದ್ರೆ ಓಟನ್ನ ಲಕೋಟೇಲಿ ಇಟ್ಟೋಗು, ಶುಕ್ರವಾರದೊಳಗೆ ಕೋರ್ಟಿನ ಕಚೇರಿಗೆ ಹೋಗಿ ಚೀಟಿ ತೋರ್ಸಿದ್ರೆ ಎಣಿಸ್ತಾರೆ,” ಅಂದ ಹಾಲಿಸ್. “ಈಗ ಮನೆಗೋಗು. ಅಮ್ಮ ಒಬ್ಳೇ ಅವಳೆ.”

ಯೂರಲೀನ್ ಸಾಲು ಬಿಟ್ಟು ಸರಿದಳು. ಗೋಡೆ ಬದಿಯ ಕಬ್ಬಿಣದ ಕುರ್ಚಿ ಕರಕರ ಎಳೆದುಕೊಂಡು ಬಂದು ಅವನ ಎದುರಿಗೇ ಹಾಕಿ ಕೂತಳು.

“ಯಾಕಮ್ಮಿ ಕೂತೆ?”

“ಕಾಲು ನೋಯ್ತವೆ.”

ಬಿಸಿಲೇರಿತು. ಹಾಲಿಸನ ಫೋನು ಬಡಿದುಕೊಂಡಿತು. ಅವನು ಕಿವಿಗೆ ಒತ್ತಿ ಹಿಡಿದರೂ ಮುದುಕಿಯ ಗಂಟಲು ಕೋಣೆಗೆಲ್ಲ ಕೇಳಿಸಿತು: “ಟೂಟಿ ಎಲ್ಲಿ ಸತ್ಲೋ? ಹಾಸ್ಗೆ ತುಂಬ ಹೊಲಸಾಗದೆ!”

“ಟೂಟಿ, ಏಳು. ನಡಿ.”

“ನಡೀತೀನಿ. ನನ್ನ ಹೆಸರು ಬರೆದು ರುಜು ಹಾಕು. ಓಟು ಹಾಕಿ ಓಡೋಯ್ತೀನಿ.”

ಈ ಸಲ ಅವಳು ‘ದಣಿ’ ಅನ್ನಲಿಲ್ಲ.

“ನನ್ನನ್ನೇ ಹೆದರಿಸ್ತೀಯೇನೇ, ಅನ್ನ ಹಾಕಿದ ಮನೆಯವನ್ನ?”

“ಬೇಯಿಸಿದೋಳು ನಾನು, ಹಾಕಿದೋಳು ನಾನು. ನೀನೇನು ಕಿಸ್ದೆ? ಹೇಲು ಬಳಿಯಾಕೆ ಗುರುತಿನ ಚೀಟಿ ಕೇಳಾಕಿಲ್ಲ ಬೋಳಿಮಗನೆ, ನೀನೇ ಹೋಗಿ ಬಳಿ.”

ಫೋನು ಮತ್ತೆ ಬಡಿದುಕೊಂಡಿತು. ವರ್ನೀಸ್ ಆಣೆಯ ಕಾಗದವನ್ನು ಅವನ ಮುಂದೆ ಸರಿಸಿ, ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟಳು. ಹಾಲಿಸ್ ಅದನ್ನು ನೋಡಿದ. ಸತ್ತ ಇಲಿ ಎತ್ತುವವನ ಹಾಗೆ ಎರಡು ಬೆರಳಲ್ಲಿ ಪೆನ್ನು ಎತ್ತಿದ. ಮುಚ್ಚಳ ಹಾಕಿದ. ಜೇಬಿಗೆ ಇಳಿಸಿ ಕಾರಿನ ಕೀಲಿ ಹುಡುಕಿದ.

“ಬಿಸಿನೀರು ಕಾಯಿಸ್ಕೋ,” ಅಂದಳು ಯೂರಲೀನ್. “ತಣ್ಣೀರು ಹಾಕಿದ್ರೆ ಕಚ್ತಾಳೆ.”

ಆ ಮಂಗಳವಾರ ಮತಗಟ್ಟೆಯಿಂದ ಎದ್ದು ಹೋದವನು ಹಾಲಿಸ್ ಕ್ರ್ಯಾಂಡಲ್. ಯೂರಲೀನ್ ಏಳಲಿಲ್ಲ.