ಕತ್ತರಿಸದ ಹದಿನಾರು ಪುಟ

ಆ ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ಪುಸ್ತಕಗಳಿಗೆ ಗತಿ ಕಾಣಿಸುವ ಸಭೆ. ಯಾರೂ ಮುಟ್ಟದವು, ಮುಟ್ಟಿದರೂ ಮುಖ್ಯಸ್ಥರಿಗೆ ಹಿಡಿಸದವು, ಎಲ್ಲ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಸಿಬ್ಬಂದಿಯಲ್ಲಿ ಯಾರಾದರೂ ಎದ್ದು ಒಂದರ ಪರ ಮಾತಾಡಿ ಹೆಚ್ಚು ಕೈ ಎತ್ತಿಸಿದರೆ ಅದು ಬಚಾವು, ಇಲ್ಲದಿದ್ದರೆ ರದ್ದಿಗೆ. ಓದುಗರೂ ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದಿತ್ತು.

ಈ ಸಲ ಎದ್ದವಳು ಕೌಂಟರಿನವಳು. ಹಿಂದಿನ ಬೆಂಚಿನಲ್ಲಿ ಅವಳ ಅಕ್ಕ. ಮೇಜಿನ ಮೇಲಿದ್ದದ್ದು ಅಕ್ಕನ ಕಾದಂಬರಿ.

ಅಕ್ಕ ಕಾವಲುಗಾರರ ಸಮವಸ್ತ್ರ ಹೊಲಿಯುವವಳು. ಹನ್ನೊಂದು ವರ್ಷದ ಹಿಂದೆ ಅದೇನು ಹುಕಿ ಬಂತೋ, ಒಂದು ಪುಸ್ತಕ ಬರೆದಳು. ಸೈನ್ಯಕ್ಕೆ ಗಂಡಸರೇ ಬೇಕೆಂದು ಹಟ ಹಿಡಿದ ರಾಜ. ಮೇಕೆಯ ಕೂದಲಿನ ಮೀಸೆ ಅಂಟಿಸಿಕೊಂಡು ಭರ್ತಿಯಾದ ಹನ್ನೊಂದು ಹೆಂಗಸರು. ನನ್ನ ಕೂದಲು ಕೊಡಿ ಎಂದು ಯುದ್ಧಭೂಮಿಯವರೆಗೂ ಬೆನ್ನುಹತ್ತಿದ ಸತ್ತ ಮೇಕೆಯ ದೆವ್ವ. ಓದಿದವರು ಮೂಗು ಮುರಿದರು, ಮಿಕ್ಕವರು ಅದನ್ನೂ ಮಾಡಲಿಲ್ಲ. ಆದರೂ ಅಕ್ಕ ಪ್ರತಿ ಶನಿವಾರ ಗ್ರಂಥಾಲಯಕ್ಕೆ ಬಂದು, ಪುಸ್ತಕದ ಹಿಂಬದಿಯ ಚೀಟಿಯಲ್ಲಿ ಹೊಸ ತಾರೀಖಿನ ಮುದ್ರೆ ಬಿದ್ದಿದೆಯೇ ಎಂದು ನೋಡುತ್ತಿದ್ದಳು. ಖಾಲಿ ಚೀಟಿ ನೋಡಿ ಅವಳ ಮುಖ ಸಪ್ಪಗಾಗುವುದನ್ನು ತಂಗಿಗೆ ಸಹಿಸಲಾಗಲಿಲ್ಲ. ಒಂದು ದಿನ ತಾನೇ ಮುದ್ರೆ ಒತ್ತಿದಳು. ಆಮೇಲೆ ಕೈ ನಿಲ್ಲಲಿಲ್ಲ. ಈಗ ಚೀಟಿಯಲ್ಲಿ ನಲವತ್ತಮೂರು ಓದುಗರು. ಅವರನ್ನೇ ನಂಬಿ ಅಕ್ಕ ಆರು ತಿಂಗಳ ಹಿಂದೆ ಹೊಲಿಗೆ ಬಿಟ್ಟು ಎರಡನೇ ಭಾಗ ಬರೆಯಲು ಕೂತಿದ್ದಳು.

ತಂಗಿ ಚೆನ್ನಾಗಿಯೇ ವಾದಿಸಿದಳು. ಮೀಸೆ ಒಂದಿದ್ದರೆ ಯಾರೂ ಬೇರೇನೂ ಕೇಳುವುದಿಲ್ಲ, ಈ ಪುಸ್ತಕ ನಗುವುದು ಅದಕ್ಕೇ ಎಂದಳು. ತುಂಬು ಮೀಸೆಯ ಮುಖ್ಯಸ್ಥರು ಕುರ್ಚಿಯಲ್ಲೇ ಮಿಸುಕಾಡಿದರು. ಇಬ್ಬರು ಮುಸಿಮುಸಿ ನಕ್ಕರು. ಇದು ನಲವತ್ತಮೂರು ಸಲ ಹೊರಗೆ ಹೋದ ಪುಸ್ತಕ ಎಂದು ಚೀಟಿ ಎತ್ತಿ ತೋರಿಸಿದಳು. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡಳು.

ಅಷ್ಟರಲ್ಲಿ ಬೈಂಡಿಂಗಿನ ಮುದುಕ, ಪುಸ್ತಕ ಕಂಡರೆ ಹೊಲಿಗೆ ಮುಟ್ಟಿ ನೋಡದೆ ಬಿಡದವನು, ಅದನ್ನೆತ್ತಿಕೊಂಡು ಬೆರಳಾಡಿಸಿದ. ಮುದ್ರಣದಲ್ಲಿ ದೊಡ್ಡ ಹಾಳೆಯನ್ನು ಮಡಚಿ, ಹೊಲಿದು, ಅಂಚು ಕತ್ತರಿಸಿದರೆ ಮಾತ್ರ ಪುಟಗಳು ಬಿಡಿಬಿಡಿಯಾಗುತ್ತವೆ. ಕೊನೆಯ ಹದಿನಾರು ಪುಟಗಳಿಗೆ ಆ ಕತ್ತರಿ ತಾಗಿರಲೇ ಇಲ್ಲ.

"ನಲವತ್ತಮೂರು ಜನ ಇದನ್ನ ಹೇಗೆ ಓದಿದ್ರಮ್ಮ?" ಎಂದ. ಪಾಪ, ಅವನಿಗೆ ನಿಜವಾಗಿಯೂ ಕುತೂಹಲ.

ಮುಖ್ಯಸ್ಥರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಷ್ಟೂ ಜನ ಅರ್ಧಕ್ಕೇ ಕೈಮುಗಿದು ವಾಪಸ್ ಕೊಟ್ಟಿದ್ದಾರೆ ಕಣ್ರೀ."

ತಂಗಿ ಅಕ್ಕನ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡಿದ್ದರೆ ನಲವತ್ತಮೂರು ಜನ ಅಕ್ಕನನ್ನು ನಡುದಾರಿಯಲ್ಲಿ ಕೈಬಿಟ್ಟಂತೆ. ಬಾಯಿ ಬಿಟ್ಟರೆ ಅಷ್ಟು ಜನ ಹುಟ್ಟಿಯೇ ಇಲ್ಲ. ಎರಡನೆಯದೇ ಕಡಿಮೆ ನೋವು ಅಂದುಕೊಂಡಳು, ದಡ್ಡಿ.

"ಯಾರೂ ತಗೊಂಡು ಹೋಗಿಲ್ಲ. ಮುದ್ರೆ ಎಲ್ಲಾ ನಾನೇ ಒತ್ತಿದ್ದು."

ಅಕ್ಕ ಎದ್ದು ಬಂದಳು. ಅವಳು ಕೇಳಿದ್ದು ಮುದ್ರೆಯ ವಿಷಯವನ್ನೇ ಅಲ್ಲ.

"ಕೊನೇ ಅಧ್ಯಾಯ ಓದಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅಂದಿದ್ದೆಯಲ್ಲ. ಯಾವ ಪುಸ್ತಕದಲ್ಲಿ ಓದಿದೆ? ಓದು ಅಂತ ನಿಂಗೂ ಈ ಪ್ರತೀನೇ ತೋರಿಸಿದ್ದು ನಾನು."

ನಲವತ್ತನೇ ಪುಟ ದಾಟಿದವಳಲ್ಲ ತಂಗಿ. ಅಕ್ಕ ಬೈಂಡರನ ಚಾಕು ತೆಗೆದುಕೊಂಡು ಆ ಹಾಳೆಗಳನ್ನು ಒಂದೊಂದಾಗಿ ಸೀಳಿದಳು. ಬಟ್ಟೆ ಕತ್ತರಿಸಿ ಪಳಗಿದ ಕೈ, ಎಲ್ಲೂ ಸೊಟ್ಟಗಾಗಲಿಲ್ಲ. ಪುಸ್ತಕವನ್ನು ತಂಗಿಯ ಎದೆಗೆ ಒತ್ತಿ, "ಈಗ ಓದು. ಗಟ್ಟಿಯಾಗಿ," ಎಂದಳು.

ತಂಗಿ ಓದಿದಳು. ಮೇಕೆಯ ದೆವ್ವ ಹನ್ನೊಂದೂ ಮೀಸೆಗಳನ್ನು ಕಿತ್ತು ತನ್ನ ಮೂತಿಗೇ ಅಂಟಿಸಿಕೊಳ್ಳುತ್ತದೆ. ಕಣ್ಣು ಮಂಜಾದ ರಾಜ ಹುಟ್ಟಿದ ಮೇಲೆ ಅಂಥ ಮೀಸೆ ಕಂಡಿಲ್ಲವೆಂದು ಮೇಕೆಯನ್ನೇ ಸೇನಾಪತಿ ಮಾಡುತ್ತಾನೆ. ಹನ್ನೊಂದು ಹೆಂಗಸರು ಅದಕ್ಕೆ ಸಲಾಮು ಹೊಡೆಯುತ್ತಾರೆ. ಒಬ್ಬರು ನಕ್ಕರು, ಇಬ್ಬರು ನಕ್ಕರು, ಬೈಂಡರ್ ಕೆಮ್ಮುವಷ್ಟು ನಕ್ಕ. ತಂಗಿಗೂ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ತಲೆಯೆತ್ತಿ ನೋಡಿದರೆ ಅಕ್ಕ ಎಲ್ಲೂ ಇಲ್ಲ, ಬೆಂಚೂ ಖಾಲಿ.

ಪುಸ್ತಕ ಗೆದ್ದಿತು. ಮುಖ್ಯಸ್ಥರ ಕೈಯೊಂದು ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು. ಸುಳ್ಳು ಮುದ್ರೆ ಒತ್ತಿದ್ದಕ್ಕೆ ತಂಗಿಯನ್ನು ಕೌಂಟರಿನಿಂದ ಕಿತ್ತು ಹಿಂದಿನ ಕೋಣೆಗೆ, ಧೂಳು ಹೊಡೆಯಲು ಹಾಕಿದರು. ಎಂಟು ದಿನ ಕಳೆದ ಮೇಲೆ ಯಾರೋ ಒಬ್ಬಳು ಹುಡುಗಿ, ನಿಜವಾಗಿ ಓದುವವಳು, ಪುಸ್ತಕ ಒಯ್ದು ಓದಿ ತಂದುಕೊಟ್ಟಳು. ಚೀಟಿಯಲ್ಲಿ ನಲವತ್ತನಾಲ್ಕನೇ ಮುದ್ರೆ ಕಂಡದ್ದೇ ತಂಗಿ ಪುಸ್ತಕ ಹಿಡಿದುಕೊಂಡು ಅಕ್ಕನ ಮನೆಗೆ ಓಡಿದಳು.

ಅಕ್ಕ ಖಾಕಿ ಬಟ್ಟೆ ಹರವಿಕೊಂಡು ಅಳತೆಯ ಕಾಗದ ಇಟ್ಟು ಗೆರೆ ಎಳೆಯುತ್ತಿದ್ದಳು. ಕಾಗದದ ತುಂಬ ಅವಳದೇ ಕೈಬರಹ. ಎರಡನೇ ಭಾಗದ ಹಾಳೆಗಳು ಕಾಲರು, ತೋಳು, ಜೇಬಿನ ಆಕಾರಕ್ಕೆ ಬಂದು ಗೋಡೆಯ ಮೊಳೆಗೆ ನೇತುಬಿದ್ದಿದ್ದವು.

ತಂಗಿ ಏದುಸಿರು ಬಿಡುತ್ತ ಚೀಟಿ ಮುಂದೆ ಹಿಡಿದಳು. ಅಕ್ಕ ಸೀಮೆಸುಣ್ಣ ಕೆಳಗಿಡದೆ ಒಂದು ಸಲ ನೋಡಿದಳು.

"ಈ ಮುದ್ರೆ ಹಿಂದಿನವಕ್ಕಿಂತ ಚೆನ್ನಾಗಿ ಮೂಡಿದೆ," ಎಂದಳು. "ಕೈ ಪಳಗಿದೆ ನಿಂದು."