ಅರ್ಧ ಮೀಸೆ, ಒಂದು ಬಟ್ಟಲು ಮೊಸರು

ಆ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಷಟರ್ ಎತ್ತುತ್ತಿದ್ದವನು ಕತ್ತರಿಯಣ್ಣ. ಅವನಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಕುತ್ತಿಗೆಗೆ ಕತ್ತಿ ಹಿಡಿಯುವವನಿಗೆ ಒಂದಿಷ್ಟು ಮರ್ಯಾದೆ ಕೊಡುವುದು ಒಳ್ಳೆಯದು ಎಂಬುದು ಎಲ್ಲರ ಲೆಕ್ಕಾಚಾರ. ಗಡ್ಡ ತೆಗೆಸಿಕೊಂಡು ಬಸ್ಸು ಹತ್ತುವ ಅವಸರದ ಗಿರಾಕಿಗಳು ಬೆಳಕು ಹರಿಯುವ ಮೊದಲೇ ಅಂಗಡಿಯ ಬೆಂಚಿನ ಮೇಲೆ ಆಕಳಿಸುತ್ತ ಕೂತಿರುತ್ತಿದ್ದರು.

ಅಂಗಡಿಯ ಹಿಂದೆಯೇ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಅಂಗಡಿಗೂ ಮನೆಗೂ ನಡುವೆ ಒಂದು ಹೂವಿನ ಪರದೆ. ಅವನ ಹೆಂಡತಿಗೆ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅವಳ ಪಾಳಿ ಇವನಿಗಿಂತ ಬೇಗ. ಕತ್ತಲಿರುವಾಗಲೇ ಎದ್ದು, ಒಲೆ ಹಚ್ಚಿ, ಗಂಡನಿಗೆ ಏನಾದರೊಂದು ಬಿಸಿಯಾಗಿ ಮಾಡಿ, ತಟ್ಟೆ ಮುಚ್ಚಿಟ್ಟು ಓಡುತ್ತಿದ್ದಳು. ಮಧ್ಯಾಹ್ನ ಬಂದು ನೋಡಿದರೆ ತಟ್ಟೆ ಮುಚ್ಚಿದ ಹಾಗೇ ಇರುತ್ತಿತ್ತು.

"ಇದನ್ನ ಯಾರಿಗೆ ಅಂತ ಮಾಡಿಟ್ಟಿದ್ದೆ ನಾನು? ಇಲಿಗಾ?" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

"ಗಿರಾಕಿ ಕಾಯ್ತಿರ್ತಾರೆ ಕಣೇ. ಒಬ್ಬರ ಕೆನ್ನೆಗೆ ನೊರೆ ಹಚ್ಚಿ ಬಂದು ಇಲ್ಲಿ ತಿಂತಾ ಕೂರೋಕಾಗುತ್ತಾ? ಟೀ ಕುಡಿದಿದ್ದೀನಲ್ಲ. ಹೊಟ್ಟೆ ಖಾಲಿ ಇದ್ರೆ ಕೈ ಹಗುರ ಇರುತ್ತೆ."

ಈ ಕೊನೆಯ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಅದು ಹಿರಿಯರ ಗಾದೆಯೆಂದೇ ಅವನಿಗೆ ನಂಬಿಕೆ ಬಂದುಬಿಟ್ಟಿತ್ತು.

ಆ ಗಾದೆ ಸುಳ್ಳಾದದ್ದು ಗಾರ್ಡ್ ಮಾವನ ಮೀಸೆಯ ಮೇಲೆ.

ಗಾರ್ಡ್ ಮಾವ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಅವರ ಮೀಸೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಎರಡೂ ತುದಿ ಕೆನ್ನೆಯ ಮೇಲೆ ಹತ್ತಿ, ಕಿವಿಯ ಕಡೆ ತಿರುಗಿ, ಇನ್ನೇನು ಸೀಟಿ ಊದಬಹುದು ಎನ್ನುವ ಹಾಗೆ ನಿಂತಿರುತ್ತಿತ್ತು. ಬರುವ ಭಾನುವಾರ ಮಕ್ಕಳು, ಸೊಸೆಯಂದಿರು, ಅಳಿಯ, ಮೊಮ್ಮಕ್ಕಳು ಎಲ್ಲ ಸೇರಿ ಸ್ಟುಡಿಯೋದಲ್ಲಿ ಫೋಟೊ ತೆಗೆಸಿಕೊಳ್ಳುವವರಿದ್ದರು. ಅದಕ್ಕಾಗಿ ಮೀಸೆಯನ್ನು ತಿದ್ದಿಸಲು ಬಂದರು.

"ಅಂಚು ಮಾತ್ರ ಕಣಪ್ಪಾ. ಗೆರೆ ಎಳೆದ ಹಾಗಿರ್ಬೇಕು," ಎಂದು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಕತ್ತರಿಯಣ್ಣ ಆ ಬೆಳಗ್ಗೆ ಬಿಡುವಿಲ್ಲದೆ ಗಡ್ಡದ ಮೇಲೆ ಗಡ್ಡ ತೆಗೆದಿದ್ದ. ಹೊಟ್ಟೆಯಲ್ಲಿ ಟೀ ಬಿಟ್ಟರೆ ಬೇರೇನೂ ಇರಲಿಲ್ಲ. ಮೀಸೆಯ ಕೆಳಗಿನ ಅಂಚಿಗೆ ಕತ್ತಿ ಇಟ್ಟಾಗ ಕನ್ನಡಿಯ ಮೇಲಿನ ದೀಪ ಒಂದಿದ್ದದ್ದು ಎರಡಾಯಿತು. ಕಿವಿಯಲ್ಲಿ ಗುಂಯ್ ಎಂದಿತು. ಕತ್ತಿ ಕೆಳಗಿನಿಂದ ಮೇಲಕ್ಕೆ ಸಲೀಸಾಗಿ ಜಾರಿತು. ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ಆದರೆ ಎಡಗಡೆಯ ಮೀಸೆ ಇಡಿಯಾಗಿ ಬಿಳಿ ಬಟ್ಟೆಯ ಮೇಲೆ ಬಿತ್ತು, ಅಳಿಲು ಬಾಲ ಬಿಟ್ಟು ಓಡಿಹೋದ ಹಾಗೆ.

ಬೆಂಚಿನ ಮೇಲೆ ಪೇಪರ್ ಓದುತ್ತಿದ್ದವರು ಅದನ್ನು ಮುಖಕ್ಕೆ ಅಡ್ಡ ಹಿಡಿದರು. ಒಬ್ಬಾತ ಮೆಲ್ಲಗೆ ಎದ್ದು, "ನಾನು ನಾಳೆ ಬರ್ತೀನಿ" ಎಂದು ಚಪ್ಪಲಿ ಹುಡುಕಿದ.

ಗಾರ್ಡ್ ಮಾವ ಕಣ್ಣು ಬಿಟ್ಟರು. ಕನ್ನಡಿಯಲ್ಲಿ ಮೊದಲು ತಮ್ಮ ಮುಖ ನೋಡಿದರು, ಆಮೇಲೆ ಹಿಂದೆ ನಿಂತವನ ಮುಖ. ಅದು ಸುಣ್ಣ ಬಳಿದ ಹಾಗೆ ಬಿಳಿಚಿ, ಬೆವರಿನಿಂದ ತೊಯ್ದುಹೋಗಿತ್ತು. ಅವರ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಎದ್ದು ಅವನನ್ನು ಹಿಡಿದು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಪಕ್ಕದ ಅಂಗಡಿಯಿಂದ ಸಕ್ಕರೆ ತರಿಸಿ ಬಾಯಿಗೆ ಹಾಕಿದರು.

"ಬೆಳಗ್ಗೆ ಏನು ತಿಂದೆ?"

"ಟೀ ಆಯ್ತು ಮಾವ."

"ಟೀ ಕುಡಿಯೋದಯ್ಯಾ, ತಿನ್ನೋದಲ್ಲ. ತಿಂದಿದ್ದೇನು?"

ನೆಲದ ಮೇಲೆ ಜಾರಿಬಿದ್ದ ಮೀಸೆಯನ್ನು ನೋಡಿ ಅವನ ಕಣ್ಣಲ್ಲಿ ನೀರು ಬಂತು. "ನನ್ನ ಕೈ ಕಡಿದುಹಾಕಿ ಮಾವ," ಎಂದ.

"ಕೈ ಕಡಿದ್ರೆ ಇನ್ನರ್ಧ ಯಾರು ತೆಗೀತಾರೆ, ನಮ್ಮ ತಾತನಾ?" ಎಂದರು ಗಾರ್ಡ್ ಮಾವ. "ಮೊದಲು ಏನಾದ್ರೂ ತಿಂದು ಬಾ. ಒಂದೇ ಹಳಿ ಮೇಲೆ ರೈಲು ಹೋಗಲ್ಲ, ಅರ್ಧ ಮೀಸೇಲಿ ನಾನೂ ಮನೆಗೆ ಹೋಗಲ್ಲ."

ಅವನು ಒಳಗೆ ಹೋಗಿ, ಹೆಂಡತಿ ಮುಚ್ಚಿಟ್ಟಿದ್ದ ತಟ್ಟೆಯನ್ನು ಎಷ್ಟೋ ದಿನಗಳ ಮೇಲೆ ತೆರೆದು, ಆರಿಹೋದದ್ದನ್ನೇ ಗಬಗಬ ತಿಂದು ಬಂದು ಉಳಿದರ್ಧ ತೆಗೆದ. ಗಾರ್ಡ್ ಮಾವ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಮನೆಯ ಕಡೆ ನಡೆದರು.

ಆ ರಾತ್ರಿ ಕತ್ತರಿಯಣ್ಣನಿಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಷಟರ್ ಎತ್ತಿದರೆ ಎದುರಿಗೇ ಗಾರ್ಡ್ ಮಾವ, ಬೋಳು ತುಟಿಯಲ್ಲಿ ನಗುತ್ತ ನಿಂತಿದ್ದಾರೆ.

"ಅಮ್ಮಾವ್ರು ಏನಂದ್ರು ಮಾವ?" ಎಂದು ಅವನು ಹೆದರುತ್ತಲೇ ಕೇಳಿದ.

"ಏನಂತಾಳೆ! ಬಾಗಿಲು ತೆಗೆದೋಳು 'ಯಾರು ಬೇಕಾಗಿತ್ತು?' ಅಂದ್ಲು. ಆಮೇಲೆ ಗೋಡೆ ಹಿಡ್ಕೊಂಡು ನಗೋಕೆ ಶುರು ಮಾಡಿದೋಳು ಊಟದ ತನಕ ನಿಲ್ಲಿಸ್ಲಿಲ್ಲ. ಮದುವೆಯಾದಾಗಿಂದ ನನ್ನ ತುಟಿ ನೋಡಿರ್ಲಿಲ್ವಂತೆ. 'ಇಷ್ಟು ಚೆನ್ನಾಗಿರೋದನ್ನ ಪೊದೆಯೊಳಗೆ ಯಾಕೆ ಮುಚ್ಚಿಟ್ಟಿದ್ರಿ' ಅಂತಾಳೆ." ಅವರ ಕಿವಿ ಸ್ವಲ್ಪ ಕೆಂಪಾಯಿತು. ಒಡನೆಯೇ ಗಂಟಲು ಸರಿಮಾಡಿಕೊಂಡರು. "ಅದಿರ್ಲಿ. ಇವತ್ತಿಂದ ನೀನು ತಿಂದ ಮೇಲೇನೇ ಕತ್ತಿ ಹಿಡೀಬೇಕು. ನಾನು ಹಸಿರು ಬಾವುಟ ತೋರಿಸೋ ತನಕ ಈ ಕುರ್ಚಿಗೆ ಯಾರೂ ಹತ್ತೋ ಹಾಗಿಲ್ಲ."

"ಅವಳು ಮಾಡಿಟ್ಟಿದ್ದು ಆರಿರುತ್ತೆ, ಒಲೆ ಹಚ್ಚಿ ಬಿಸಿ ಮಾಡ್ಕೊಳ್ಳೋಕೆ ಹೊತ್ತೆಲ್ಲಿದೆ ಮಾವ?"

"ಒಲೆ ಯಾಕೆ? ನಮ್ಮನೇಲಿ ಬೆಳಗ್ಗೆ ಒಲೆ ಹಚ್ಚೋದೇ ಇಲ್ಲ."

ಅದಕ್ಕೊಂದು ಕಥೆಯಿತ್ತು. ಗಂಡನ ರೈಲು ಹೊರಡುವ ಹೊತ್ತಿಗೆ ಸರಿಯಾಗಿ ಜೀವಮಾನವಿಡೀ ಬೇಯಿಸಿ ಹಾಕಿದ ಗಾರ್ಡಮ್ಮ, ರೈಲ್ವೆಯವರು ಅವರಿಗೆ ಹಾರ ಹಾಕಿ ಬೀಳ್ಕೊಟ್ಟ ದಿನ ಸಂಜೆಯೇ ಹೇಳಿಬಿಟ್ಟಿದ್ದರು: "ನಿಮಗೆ ನಿವೃತ್ತಿ ಆದ್ರೆ ನನ್ನ ಒಲೆಗೂ ಆಯ್ತು. ಬೆಳಗ್ಗೆ ಮೊಸರು, ಹಣ್ಣು. ಬೇಕಾದ್ರೆ ತಿನ್ನಿ." ಗಾರ್ಡ್ ಮಾವ ಮೊದಲು ಮುಖ ಊದಿಸಿಕೊಂಡರು, ಆಮೇಲೆ ಬಟ್ಟಲು ನೆಕ್ಕತೊಡಗಿದರು. ಹೊಟ್ಟೆ ಹಗುರವಾಯಿತು, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಯಿತು. ಈಗ ಆ ತಿಂಡಿಯನ್ನು ಕಂಡುಹಿಡಿದವರು ತಾವೇ ಎಂಬಂತೆ ಮಾತಾಡುತ್ತಿದ್ದರು.

"ಬಟ್ಟಲಿಗೆ ಮೊಸರು ಹಾಕೋದು, ಹಣ್ಣು ಹೆಚ್ಚಿ ಹಾಕೋದು, ತಿನ್ನೋದು. ಇದಕ್ಕೇನು ಪಂಡಿತರು ಬೇಕಾ?"

ಪಂಡಿತರು ಬೇಕಿತ್ತು ಎಂದು ಆಗಲೇ ಗೊತ್ತಾಯಿತು. ಕತ್ತರಿಯಣ್ಣ ಹಾಲಿನ ಬೂತಿನಿಂದ ಮೊಸರು ತಂದ; ಮನೆಯಲ್ಲಿದ್ದ ಹಣ್ಣು ಕಲ್ಲಂಗಡಿ. ಹೆಚ್ಚಿ ಕಲಸಿದ ಕೂಡಲೇ ಅದು ನೀರುನೀರಾಗಿ, ಗುಲಾಬಿ ಬಣ್ಣದ ಸಾರಿನ ಹಾಗಾಯಿತು. ಇಬ್ಬರೂ ಬಟ್ಟಲನ್ನು ಎತ್ತಿ ಕುಡಿದರು.

"ನಮ್ಮನೇದು ಇಷ್ಟು ತೆಳ್ಳಗಿರಲ್ಲ," ಎಂದು ಗಾರ್ಡ್ ಮಾವ ಒಪ್ಪಿಕೊಂಡರು. "ನಾಳೆ ಸರಿಹೋಗುತ್ತೆ."

ಮರುದಿನ ಇನ್ನೂ ಕೆಟ್ಟಿತು. ಬೆಳಗಿನ ಹೊತ್ತು ಉಳಿಯಲಿ ಎಂದು ಕತ್ತರಿಯಣ್ಣ ಹಿಂದಿನ ಸಂಜೆಯೇ ಹಸಿ ಅನಾನಸ್ ಹೆಚ್ಚಿ ಮೊಸರಿಗೆ ಬೆರೆಸಿ ಫ್ರಿಜ್ಜಿನಲ್ಲಿಟ್ಟಿದ್ದ. ಬೆಳಗ್ಗೆ ಒಂದು ಚಮಚ ಬಾಯಿಗಿಟ್ಟು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇವಿನ ಸೊಪ್ಪು ಅರೆದು ಹಾಕಿದ ಹಾಗೆ ಕಹಿ. ಕತ್ತರಿಯಣ್ಣ ಹಿರಿಯರ ಮುಂದೆ ಉಗುಳುವುದು ಹೇಗೆಂದು ನುಂಗಿದ. ಗಾರ್ಡ್ ಮಾವ ಗುರುವಾಗಿ ಉಗುಳುವುದು ಹೇಗೆಂದು ನುಂಗಿದರು.

"ಚೆನ್ನಾಗಿದೆ," ಎಂದ ಅವನು.

"ಹೂಂ. ಅಭ್ಯಾಸ ಆಗ್ಬೇಕು," ಎಂದರು ಅವರು. ಬಟ್ಟಲಲ್ಲಿ ಉಳಿದದ್ದನ್ನು ಬೀದಿಯ ಬೆಕ್ಕಿಗಿಟ್ಟರೆ, ಅದು ಮೂಸಿ ನೋಡಿ ಬೆನ್ನು ತಿರುಗಿಸಿ ಹೋಯಿತು.

ಆ ದಿನ ಮಧ್ಯಾಹ್ನ ಗಾರ್ಡಮ್ಮನೇ ಅಂಗಡಿಗೆ ಬಂದರು. ಚೀಲದಲ್ಲಿ ತೆಳ್ಳನೆಯ ಒಗೆದ ಬಟ್ಟೆ, ಒಣದ್ರಾಕ್ಷಿ ಅಕ್ರೋಟಿನ ಒಂದು ಡಬ್ಬಿ, ಬಾಳೆಹಣ್ಣು, ಸೇಬು, ದಾಳಿಂಬೆ. ಕತ್ತರಿಯಣ್ಣ ಕೈಮುಗಿದು ನಿಂತ. "ಮೀಸೆ ವಿಷಯದಲ್ಲಿ ತಪ್ಪಾಯ್ತಮ್ಮಾ."

"ತಪ್ಪೇನು ಬಂತು! ಇನ್ನೂ ಮೊದಲೇ ಮಾಡ್ಬೇಕಿತ್ತು ನೀನು. ನಮ್ಮ ಯಜಮಾನರು ಹೇಳಿಕೊಟ್ಟಿದ್ದನ್ನ ತಿಂದ್ಯಲ್ಲ, ಅದು ತಪ್ಪು. ಅವರಿಗೆ ಬಟ್ಟಲು ಮುಂದೆ ಬಂದಮೇಲಿನ ಕೆಲಸ ಮಾತ್ರ ಗೊತ್ತು." ಆಕೆ ಸೆರಗು ಸಿಕ್ಕಿಸಿಕೊಂಡರು. "ನೋಡು, ರಾತ್ರಿ ಮೊಸರನ್ನ ಈ ಬಟ್ಟೇಲಿ ಕಟ್ಟಿ ನೇತುಹಾಕು. ನೀರೆಲ್ಲ ಇಳಿದು ಬೆಣ್ಣೆ ಹಾಗೆ ಗಟ್ಟಿಯಾಗುತ್ತೆ. ಒಣದ್ರಾಕ್ಷಿ ಒಂದು ಹಿಡಿ ನೆನೆಹಾಕು. ಹಣ್ಣು ಮಾತ್ರ ತಿನ್ನೋ ಹೊತ್ತಿಗೇ ಹೆಚ್ಚಬೇಕು. ಹಸಿ ಅನಾನಸ್ಸು ಮೊಸರಲ್ಲಿ ಕೂತರೆ ಕಹಿಯಾಗುತ್ತೆ, ಇನ್ನು ಮೇಲೆ ಬೇಡ. ಕಲ್ಲಂಗಡಿ ಬರೀ ತಿನ್ನು. ಮೇಲೆ ಎರಡು ಅಕ್ರೋಟು ಮುರಿದು ಹಾಕು, ಹಲ್ಲಿಗೂ ಕೆಲಸ ಬೇಕಲ್ಲ. ಸಿಹಿ ಬೇಕಂದ್ರೆ ಜೇನುತುಪ್ಪ, ಚಮಚದ ತುದೀಲಿ."

ಮೊಸರಿನ ಗಂಟನ್ನು ಅವನು ಸಂಜೆ ಅಂಗಡಿಯಲ್ಲಿ ಗಿರಾಕಿಗಳು ಕೋಟು ನೇತುಹಾಕುವ ಕೊಕ್ಕೆಗೇ ಕಟ್ಟಿ, ಕೆಳಗೆ ಪಾತ್ರೆ ಇಟ್ಟ. ತಡವಾಗಿ ತಲೆಗೂದಲು ಕತ್ತರಿಸಿಕೊಳ್ಳಲು ಬಂದ ಶಾಲಾ ಮೇಷ್ಟ್ರೊಬ್ಬರು ಅದು ತೊಟ್ಟಿಕ್ಕುವುದನ್ನೇ ನೋಡುತ್ತ ಕೇಳಿದರು: "ಅಣ್ಣಾ, ದುಡ್ಡು ಕೊಡದೇ ಹೋದ ಯಾರದ್ದಾದ್ರೂ ತಲೇನಾ ಅದು?"

ಬೆಳಗ್ಗೆ ಗಂಟು ಬಿಚ್ಚಿದಾಗ ಮೊಸರು ಬಟ್ಟೆಯ ಮಡಿಕೆಯ ಗುರುತು ಹೊತ್ತು ಉಂಡೆಯಾಗಿ ಕೂತಿತ್ತು. ಕತ್ತರಿಯಣ್ಣನ ಕೈ ಹಣ್ಣಿನ ಮೇಲೂ ಪಳಗಿದ ಕೈಯೇ. ಸೇಬು ಕೂದಲಿನಷ್ಟು ತೆಳ್ಳಗೆ ಬಿತ್ತು, ಬಾಳೆಹಣ್ಣು ಬಿಲ್ಲೆಬಿಲ್ಲೆಯಾಯಿತು. ದಾಳಿಂಬೆ ಬೀಜ ಮೇಲೆ ಉದುರಿಸಿದ. ಬೆಂಚಿನ ಮೇಲಿನ ಮೊದಲ ಗಿರಾಕಿ ಗಡಿಯಾರ ನೋಡಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕತ್ತರಿಯಣ್ಣ ಒಂದು ಚಮಚ ಬಾಯಿಗಿಟ್ಟು, ಕೂಡಲೇ ಎರಡನೆಯದನ್ನೂ ಇಟ್ಟ. ಗಾರ್ಡ್ ಮಾವ ಜೇಬಿನಿಂದ ನಿಜವಾಗಿಯೂ ಒಂದು ಹಸಿರು ಬಟ್ಟೆ ತೆಗೆದು ಬೀಸಿದರು. ಬೆಂಚಿನವರು ಚಪ್ಪಾಳೆ ತಟ್ಟಿದರು.

ಭಾನುವಾರ ಫೋಟೊ ಆಯಿತು. ದೂರದಿಂದ ಬಂದ ಮಗಳು ಮನೆಯ ಬಾಗಿಲಲ್ಲಿ "ಅಪ್ಪ ಎಲ್ಲಿ?" ಎಂದು ಅಪ್ಪನನ್ನೇ ಕೇಳಿದಳಂತೆ.

ಎಲ್ಲ ಸುಸೂತ್ರವಾಯಿತು ಎಂದುಕೊಳ್ಳುವ ಹೊತ್ತಿಗೆ ಕತ್ತರಿಯಣ್ಣನ ಮನೆಯೊಳಗೆ ಬೇರೆ ಗಾಳಿ ಬೀಸಿತು. ಒಂದು ಮಧ್ಯಾಹ್ನ ಹೆಂಡತಿ ತೊಳೆದು ಬೋರಲು ಹಾಕಿದ ಬಟ್ಟಲನ್ನೂ, ಅದರ ಪಕ್ಕದಲ್ಲಿ ಮುಚ್ಚಿದ ಹಾಗೇ ಇದ್ದ ತನ್ನ ತಟ್ಟೆಯನ್ನೂ ನೋಡಿ ಪರದೆ ಸರಿಸಿ ಅಂಗಡಿಗೇ ಬಂದಳು. ಅದೃಷ್ಟಕ್ಕೆ ಗಿರಾಕಿ ಇರಲಿಲ್ಲ.

"ಗಾರ್ಡಮ್ಮನ ಮೊಸರು ಗಂಟಲಲ್ಲಿ ಇಳಿಯುತ್ತೆ. ನಾನು ಕತ್ತಲಲ್ಲಿ ಎದ್ದು ಬೇಯಿಸಿದ್ದು ಇಳಿಯಲ್ಲ, ಅಲ್ವಾ ರೀ?"

ಅವಳ ದನಿಯಲ್ಲಿ ಯಾವಾಗಿನ ಗದರಿಕೆ ಇರಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ಹಾಗಲ್ಲ ಕಣೇ. ನಾನೇ ಹೇಳ್ಬೇಕು ಅಂತಿದ್ದೆ. ಇನ್ಮೇಲೆ ನನಗೋಸ್ಕರ ನೀನು ಒಲೆ ಹಚ್ಚೋದೇ ಬೇಡ. ಇನ್ನೊಂದು ಚೂರು ಮಲಗು. ನೀನು ತಿನ್ನೋಷ್ಟು ಮಾಡ್ಕೊಂಡು ತಿಂದು ಹೋದ್ರೆ ಸಾಕು."

ಅವಳು ಕುರ್ಚಿಯ ಕೈಯನ್ನು ಸೆರಗಿನಿಂದ ಒರೆಸತೊಡಗಿದಳು. ಅದು ಆಗಲೇ ಸ್ವಚ್ಛವಾಗಿತ್ತು.

"ನೀನು ಬೆಳಗ್ಗೆ ಏನು ತಿಂದು ಹೋಗ್ತೀಯ?" ಎಂದು ಅವನು ಕೇಳಿದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಅದನ್ನು ಕೇಳಿಯೇ ಇರಲಿಲ್ಲ.

"ತಿನ್ನೋಕೆ ಎಲ್ಲಿ ಹೊತ್ತಿರುತ್ತೆ? ನಿಮ್ಮ ತಟ್ಟೆ ಮುಚ್ಚೋ ಹೊತ್ತಿಗೆ ಬಸ್ಸಿನ ಹಾರನ್ ಕೇಳ್ಸುತ್ತೆ. ಅಲ್ಲಿ ಬಿಡುವಿನಲ್ಲಿ ಒಂದು ಬನ್ ಕೊಡ್ತಾರೆ."

"ಅಲ್ಲಿ ತನಕ?"

"ಟೀ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಅವಳು. ಅವನಿಗೆ ಮಾತ್ರ ನಗು ತಡವಾಗಿ ಬಂತು. ಇವಳು ಒದ್ದೆ ಚಾದರದ ರಾಶಿಗಳನ್ನು ಖಾಲಿ ಹೊಟ್ಟೆಯಲ್ಲಿ ಎತ್ತುತ್ತಿದ್ದಾಗ ಇವಳು ಮಾಡಿಟ್ಟ ತಟ್ಟೆ ಇಲ್ಲಿ ಆರುತ್ತಿತ್ತು.

ಮರುದಿನ ಅವನು ಅವಳಿಗಿಂತ ಮೊದಲು ಎದ್ದ. ಅಡುಗೆಮನೆಯ ದೀಪ ಹಾಕಿದರೆ ಅವಳಿಗೆ ಎಚ್ಚರವಾದೀತೆಂದು ಎಲ್ಲವನ್ನೂ ಅಂಗಡಿಗೇ ತಂದು, ಕನ್ನಡಿಯ ಮುಂದೆ ಸೋಪು, ಬ್ರಷ್ಷುಗಳನ್ನು ಒಂದು ಕಡೆ ಸರಿಸಿ, ಎರಡು ಬಟ್ಟಲು ಇಟ್ಟ. ಅವಳು ಕಣ್ಣುಜ್ಜುತ್ತ ಎದ್ದು, ಅಭ್ಯಾಸಬಲದಿಂದ ಬೆಂಕಿಪೊಟ್ಟಣ ಹುಡುಕುವ ಸದ್ದು ಕೇಳಿತು.

"ಒಲೆ ಹಚ್ಚಬೇಡ, ಇಲ್ಲಿ ಬಾ," ಎಂದು ಕೂಗಿದ.

ಪರದೆಯಿಂದ ಹೊರಗೆ ಬಂದವಳು ನಿಂತುಬಿಟ್ಟಳು. ಷಟರ್ ಇನ್ನೂ ಇಳಿದೇ ಇತ್ತು. ಅಂಗಡಿಯಲ್ಲಿದ್ದ ಎರಡು ಎತ್ತರದ ಕುರ್ಚಿಗಳನ್ನು ಅವನು ಒಂದಕ್ಕೊಂದು ಹತ್ತಿರ ತಿರುಗಿಸಿದ್ದ. ಅವಳು ಆ ಕುರ್ಚಿಯಲ್ಲಿ ಎಂದೂ ಕೂತವಳಲ್ಲ. ಗುಡಿಸುವಾಗ ಪಕ್ಕಕ್ಕೆ ತಳ್ಳಿದ್ದಷ್ಟೇ. ಹತ್ತಿ ಕೂತಾಗ ಕಾಲು ನೆಲಕ್ಕೆ ಸಿಗಲಿಲ್ಲ. ಅವನು ಬಟ್ಟಲನ್ನು ಅವಳ ಕೈಗೆ ಕೊಟ್ಟು, ಕಾಲಿನಿಂದ ಪೆಡಲ್ ಒತ್ತಿ ಕುರ್ಚಿಯನ್ನು ಇನ್ನಷ್ಟು ಮೇಲಕ್ಕೆ ಏರಿಸಿದ. ಅವಳು "ಅಯ್ಯೋ, ಬೀಳ್ತೀನಿ ಕಣ್ರೀ!" ಎಂದು ಬಟ್ಟಲನ್ನು ಎದೆಗವಚಿಕೊಂಡಳು.

ಒಂದು ಚಮಚ ತಿಂದಳು. ಅಕ್ರೋಟು ಕಟಮ್ ಎಂದಿತು.

"ಹೇಗಿದೆ?" ಎಂದು ಅವನು ಪಕ್ಕದ ಕುರ್ಚಿಗೆ ಹತ್ತುತ್ತ ಕೇಳಿದ.

"ಉಪ್ಪು ಕಮ್ಮಿ," ಎಂದಳು ಗಂಭೀರವಾಗಿ. ಅವನ ಮುಖ ಪೆಚ್ಚಾದದ್ದನ್ನು ಕನ್ನಡಿಯಲ್ಲಿ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ದಾಳಿಂಬೆಯ ಬೀಜವೊಂದು ತುಟಿಯಿಂದ ಜಾರಿ ನೆಲಕ್ಕೆ ಹಾರಿತು.

ಹೊರಗೆ ಷಟರನ್ನು ಯಾರೋ ತಟ್ಟಿದರು. "ಏನಪ್ಪಾ, ಎದ್ಯಾ? ತಿಂಡಿ ತಿಂದ್ಯಾ?" ಗಾರ್ಡ್ ಮಾವನ ದನಿ.

ಕತ್ತರಿಯಣ್ಣ ಇಳಿಯಲು ಹೋದ. ಅವಳು ಅವನ ತೋಳು ಹಿಡಿದು ಕೂರಿಸಿ, ತಾನೇ ಷಟರಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ತಿಂತಾ ಇದ್ದೀವಿ ಮಾವ! ಇಬ್ಬರೂ! ಸ್ವಲ್ಪ ಕಾಯಿರಿ!"