ಐದು ಮಂದಿಗೆ ಒಂದು ಬ್ಯಾಡ್ಜು

ಐದು ಜನಕ್ಕೆ ಒಂದೇ ಬ್ಯಾಡ್ಜು. ಅದೂ ಆರನೆಯವನ ಕೊರಳಲ್ಲಿ.

ಹ್ಯೂಸ್ಟನ್ನಿನ ಪೂರ್ವದಂಚಿನ ಯಾರ್ಡಿನಲ್ಲಿ ಪ್ರಹ್ಲಾದ ಮೂರು ವರ್ಷ ಡ್ರಮ್ಮು ತೊಳೆದ. ಅಣು ಕಸ ಸಾಗಿಸಿ ಖಾಲಿಯಾಗಿ ಬಂದ ಡ್ರಮ್ಮುಗಳು. ಕಾಲಿಗೆ ರಬ್ಬರು ಬೂಟು, ಕೈಯಲ್ಲಿ ನೀರಿನ ಪೈಪು, ಜುಲೈ ತಿಂಗಳ ಧಗೆಯಲ್ಲೂ ಮೈತುಂಬ ಪ್ಲಾಸ್ಟಿಕ್ ಅಂಗಿ. ಮೈಗೆ ವಿಕಿರಣ ಎಷ್ಟು ತಾಕಿತೆಂದು ಅಳೆಯುವ ಬ್ಯಾಡ್ಜು ಮಾತ್ರ ಮೇಸ್ತ್ರಿಯ ಕೊರಳಲ್ಲಿ. ಮೇಸ್ತ್ರಿ ಎಸಿ ಕ್ಯಾಬಿನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಅವನ ಬ್ಯಾಡ್ಜಿನಲ್ಲಿ ಬಂದ ಅಳತೆಯೇ ಐವರ ಅಳತೆ. ಪ್ರತಿ ತಿಂಗಳೂ ಸೊನ್ನೆ.

ಎಂಬತ್ತೊಂಬತ್ತನೇ ದಿನ ಕೆಲಸದಿಂದ ತೆಗೆಯುತ್ತಿದ್ದರು. ಸೋಮವಾರ ಮತ್ತೆ ಹೊಸಬರೆಂದು ಸೇರಿಸಿಕೊಳ್ಳುತ್ತಿದ್ದರು. ತೊಂಬತ್ತು ದಿನ ತುಂಬಿದರೆ ಕಾಯಂ ನೌಕರರೆಂದು ಬರೆಯಬೇಕಾಗುತ್ತಿತ್ತಲ್ಲ! ಹೀಗೆ ಐವತ್ತರ ಪ್ರಹ್ಲಾದ ಮೂರು ವರ್ಷದಲ್ಲಿ ಹನ್ನೆರಡು ಸಲ ಹೊಸಬನಾದ.

ಧಾರವಾಡದಲ್ಲಿ ಅವನು ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ. ಹೆಂಡತಿ ಸೀತಾಬಾಯಿಯ ಅಣ್ಣ ಶ್ಯಾಮಸುಂದರ ಹ್ಯೂಸ್ಟನ್ನಿನಿಂದ ನಾಲ್ಕು ತಾಸು ದೂರದ ಕಾಪೆಲ್‌ನಲ್ಲಿ ಹಲ್ಲಿನ ಡಾಕ್ಟರು. ಅವನೇ ಗ್ರೀನ್ ಕಾರ್ಡಿಗೆ ಹಾಕಿ ಇಬ್ಬರನ್ನೂ ಕರೆಸಿಕೊಂಡಿದ್ದ. ದೀಪಾವಳಿ ಪಾರ್ಟಿಯಲ್ಲಿ ಶ್ಯಾಮಸುಂದರ ಅವನನ್ನು ಎಲ್ಲರಿಗೂ ಪರಿಚಯ ಮಾಡಿಸುತ್ತಿದ್ದ. "ನಮ್ಮ ಭಾವಾ ನ್ಯೂಕ್ಲಿಯರ್ ಫೀಲ್ಡಿನಾಗ ಅದಾರ." ಪ್ರಹ್ಲಾದ ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದ. ಮನೆಗೆ ಬಂದಮೇಲೆ ನಗುತ್ತಿದ್ದ. "ಸೀತಾ, ಡ್ರಮ್ಮ ತಿಕ್ಕೋದೂ ಒಂದು ಫೀಲ್ಡಽ ಅಲ್ಲೇನ?"

ಆದರೆ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಕಳೆದವನು ಸುಮ್ಮನೆ ಇರುತ್ತಾನೆಯೆ? ಶ್ಯಾಮಸುಂದರ ಕ್ಲಿನಿಕ್ಕನ್ನು ಕಾಯಂ ಆಗಿ ಮುಚ್ಚಿದ ಮೇಲೆ ಅವನ ಗ್ಯಾರೇಜಿನಲ್ಲಿ ಹಲ್ಲಿನ ಎಕ್ಸ್-ರೇ ಫಿಲ್ಮಿನ ಎರಡು ಡಬ್ಬಿ ಉಳಿದಿದ್ದವು. ಒಂದೊಂದು ಫಿಲ್ಮೂ ಅಂಚೆ ಚೀಟಿಗಿಂತ ತುಸು ದೊಡ್ಡ ಪೊಟ್ಟಣ. ಪ್ರಹ್ಲಾದ ಒಂದರ ಮೇಲೆ ಸೂಟ್‌ಕೇಸಿನ ಪುಟ್ಟ ಕೀಲಿಕೈ ಇಟ್ಟು ಟೇಪು ಸುತ್ತಿ ಅಂಗಿಯ ಒಳಜೇಬಿಗೆ ಹೊಲಿಸಿಕೊಂಡ. ಇನ್ನೊಂದನ್ನು ಹಾಗೆಯೇ ದೇವರ ಮುಂದೆ ಇಟ್ಟ. ಎರಡು ತಿಂಗಳಾದ ಮೇಲೆ ಶ್ಯಾಮಸುಂದರ ಎರಡನ್ನೂ ಎಕ್ಸ್-ರೇ ಔಷಧದಲ್ಲಿ ತೊಳೆದುಕೊಟ್ಟ. ದೇವರ ಮುಂದಿನದು ತಿಳಿನೀರಿನ ಹಾಗಿತ್ತು. ಅಂಗಿಯೊಳಗಿನದು ಹೊಗೆ ಹಿಡಿದ ಗಾಜಿನ ಹಾಗೆ ಕಪ್ಪಾಗಿತ್ತು. ನಡುವೆ, ಲೋಹ ವಿಕಿರಣವನ್ನು ತಡೆದಲ್ಲಿ, ಬೆಳ್ಳಗೆ ಒಂದು ಕೀಲಿಕೈ.

"ಮೇಸ್ತ್ರಿ ಬ್ಯಾಡ್ಜಿನಾಗ ಸೊನ್ನಿ ಅದಽ," ಅಂದ ಪ್ರಹ್ಲಾದ. "ನನ್ನದರಾಗ ಕೀಲಿ ಅದಽ."

ಅವನು ಅದನ್ನು ಹೊರಗಿನವರು ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಸೋಮವಾರ ಹೊಸಬನಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಮರುವರ್ಷ ರಕ್ತದ ಕ್ಯಾನ್ಸರಿನಿಂದ ಸತ್ತ. ಆಸ್ಪತ್ರೆಯವರು ಕೇಳಿದ್ದಕ್ಕೆ ಕಂಪನಿ ಕಾಗದ ಕಳಿಸಿತು: ತಗುಲಿದ ವಿಕಿರಣ, ಸೊನ್ನೆ.

*

ಆಳಿಗೊಂದು ಬ್ಯಾಡ್ಜು ಇರಬೇಕೆಂದು ಕಾನೂನಿನಲ್ಲಿ ಇದ್ದೇ ಇತ್ತು. ಕಂಪನಿ ಅದನ್ನು ಮುರಿದಿತ್ತು. ಈಗ ರಾಜ್ಯದ ವಿಕಿರಣ ಇಲಾಖೆ ಕಾನೂನನ್ನೇ ಬದಲಿಸಲು ಹೊರಟಿತ್ತು. ತೊಂಬತ್ತು ದಿನಕ್ಕಿಂತ ಕಡಿಮೆ ಕೆಲಸ ಮಾಡುವ ಗುಂಪಿಗೆ ಒಂದೇ ಬ್ಯಾಡ್ಜು ಸಾಕು ಎಂಬ ಹೊಸ ಕಲಮು. ಸುದ್ದಿ ಕೊಟ್ಟವನು ಪ್ರಹ್ಲಾದನ ಜೊತೆಗಾರ ಲೂಯಿಸ್. ಹ್ಯೂಸ್ಟನ್ನಿನಲ್ಲೇ ಜನರ ಅಭಿಪ್ರಾಯ ಕೇಳುವ ಸಭೆಯಿತ್ತು. ಲೂಯಿಸ್ ಬರಲಿಲ್ಲ. ಬಂದರೆ ಕೆಲಸ ಹೋಗುತ್ತಿತ್ತು. ಸೀತಾಬಾಯಿ ಒಬ್ಬಳೇ ಹೋದಳು. ಎರಡು ಬಸ್ಸು ಬದಲಿಸಿ, ಪರ್ಸಿನಲ್ಲಿ ಎರಡು ಫಿಲ್ಮು ಇಟ್ಟುಕೊಂಡು.

ಲೈಬ್ರರಿಯ ಹಾಲಿನಲ್ಲಿ ಉದ್ದ ಮೇಜು. ಹಿಂದೆ ಇಲಾಖೆಯ ಐದು ಜನ. ಅವರಲ್ಲೊಬ್ಬಳು ಹುಡುಗಿ ಸೀರೆ ನೋಡಿ ಎದ್ದು ಬಂದಳು.

"ಆಂಟಿ, ಕನ್ನಡದವ್ರಾ? ನಾನು ಸುಮೇಧಾ, ಮೈಸೂರು. ಆಸ್ಟಿನ್ ಆಫೀಸಲ್ಲಿ ಸ್ಟಾಫು."

"ಸ್ಟಾಫ್ ಅಂದರ, ನೀ ಕಂಪನಿ ಕಡಿಯಾಕಿಯೋ, ನಮ್ಮ ಕಡಿಯಾಕಿಯೋ?"

"ಯಾರ ಕಡೇನೂ ಅಲ್ಲ ಆಂಟಿ. ಜನ ಹೇಳಿದ್ದನ್ನ ಓದ್ತೀವಿ, ಒಂದೊಂದಕ್ಕೂ ಉತ್ತರ ಬರೀತೀವಿ, ಮೇಲಿರೋ ಕಮಿಷನರ್‌ಗಳಿಗೆ ಕಳಿಸ್ತೀವಿ. ಅವ್ರು ಡಿಸೈಡ್ ಮಾಡ್ತಾರೆ."

"ಹಂಗಾರ ಪೋಸ್ಟ್‌ಮನ್ ಇದ್ದಂಗ."

ಸುಮೇಧಾ ನಕ್ಕಳು. ಸಭೆಯಲ್ಲಿ ಎರಡು ಭಾಗ ಅಂದಳು. ಮೊದಲನೇ ಗಂಟೆ ಸುಮ್ಮನೆ ಮಾತುಕತೆ. ಎರಡನೇ ಗಂಟೆ ಒಬ್ಬೊಬ್ಬರೇ ಮೈಕಿನ ಮುಂದೆ ಹೋಗಬೇಕು, ಮೂರೇ ನಿಮಿಷ, ಇಂಗ್ಲಿಷಿನಲ್ಲಿ. ಆಗ ಸ್ಟಾಫು ತುಟಿ ಬಿಚ್ಚುವ ಹಾಗಿಲ್ಲ.

"ಈಗ್ಲೇ ಹೇಳ್ಬಿಡಿ ಆಂಟಿ. ನಾನೇ ಇಂಗ್ಲಿಷ್ ಮಾಡಿ ಹೇಳ್ತೀನಿ. ಆರಾಮಾಗಿ, ಕೂತ್ಕೊಂಡೇ."

ಸೀತಾಬಾಯಿ ಹೇಳಿದಳು. ಎಂಬತ್ತೊಂಬತ್ತು ದಿನದ ಕತೆ, ಕ್ಯಾಬಿನ್ನಿನ ಕತೆ, ರಬ್ಬರು ಬೂಟಿನ ಕತೆ. ಸುಮೇಧಾ ಒಂದು ಮಾತೂ ಬಿಡದೆ ಇಂಗ್ಲಿಷ್ ಮಾಡಿದಳು. ಫಿಲ್ಮು ಮೇಜಿನ ಮೇಲೆ ಕೈಯಿಂದ ಕೈಗೆ ಹೋಯಿತು. ಬಿಳಿಗೂದಲ ಎಂಜಿನಿಯರೊಬ್ಬ ದೀಪಕ್ಕೆ ಹಿಡಿದು ನೋಡಿ, "ಓ ಗಾಡ್" ಎಂದ. ಫಿಲ್ಮು ಮತ್ತೆ ಅವಳ ಪರ್ಸಿಗೆ ಬಂತು. ಸೀತಾಬಾಯಿಯ ಎದೆ ಹಗುರಾಯಿತು. ಇಷ್ಟು ಜನ ಕೇಳಿದರು. ದೊಡ್ಡ ಮನುಷ್ಯನೊಬ್ಬ ದೇವರ ಹೆಸರನ್ನೇ ಎತ್ತಿದ.

ಬಿಡುವಾಯಿತು. ಯಾರೋ ಯಂತ್ರವೊಂದನ್ನು ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಕೆಂಪು ದೀಪ ಹತ್ತಿತು. ಬಾಗಿಲಲ್ಲಿ ತುಂಬಿಕೊಟ್ಟಿದ್ದ ಚೀಟಿ ನೋಡಿ ಹೆಸರು ಕರೆಯತೊಡಗಿದರು. "ಸೀಟಾ ಬೈ."

ಅವಳು ಎದ್ದು ನಿಂತಳು. ಗಂಡ ಸತ್ತ ಸುದ್ದಿಯನ್ನು ಒಂದೇ ಮಂದಿಗೆ ಎರಡೆರಡು ಸಲ ಹೇಳುವುದುಂಟೆ? ಕೈ ಮುಗಿದಳು.

"ಆಗಲೇ ಹೇಳೇನ್ರಿ."

ಕೂತಳು. ಮೇಜಿನ ಹಿಂದೆ ಸುಮೇಧಾಳ ಬಾಯಿ ಅರ್ಧ ತೆರೆಯಿತು. ಪಕ್ಕದ ಅಧಿಕಾರಿ ಅವಳ ಕಡೆ ನೋಡಿದ. ಬಾಯಿ ಮುಚ್ಚಿತು. ಮುಂದಿನ ಹೆಸರು ಕರೆದರು.

*

ಮನೆ ಬಿಟ್ಟು ಸೀತಾಬಾಯಿ ಅಣ್ಣನ ಹತ್ತಿರ ಕಾಪೆಲ್‌ಗೆ ಶಿಫ್ಟ್ ಆದಳು. ಐದು ತಿಂಗಳಿಗೆ ಇಲಾಖೆಯ ದಪ್ಪ ಲಕೋಟೆ ಬಂತು. ಶ್ಯಾಮಸುಂದರ ಕನ್ನಡಕ ಏರಿಸಿ ಓದಿದ. ಕಂಪನಿಯ ವಕೀಲರು ಎತ್ತಿದ ಹದಿನೇಳು ಮಾತಿಗೆ ಹದಿನೇಳು ಉತ್ತರವಿದ್ದವು. ಬ್ಯಾಡ್ಜಿನ ಕಲಮು ಬಂದಾಗ ಅವನ ಧ್ವನಿ ಇಳಿಯಿತು.

"ಏನಂತ ಬರದಾರೋ ಅಣ್ಣಾ?"

"ಈ ಕಲಮಿಗೆ ವಿರೋಧವಾಗಿ ಯಾರೂ ಏನೂ ಹೇಳಿಲ್ಲ ಅಂತ."

"ಮತ್ತೊಮ್ಮೆ ಓದು."

ಓದಿದ. ಅದೇ ಇತ್ತು.

"ಬಿಡು ಸೀತಾ. ಸರಕಾರದ ಕೂಡ ಯಾಕ ಜಗಳಾ? ಇಲ್ಲಿ ನಮ್ಮ ಮಂದಿ ಏನಂತಾರ..."

"ನಿಮ್ಮ ಮಂದಿಗೆ ಹೇಳು, ನಮ್ಮವರು ನ್ಯೂಕ್ಲಿಯರ್ ಫೀಲ್ಡಿನಾಗ ಸತ್ತರು ಅಂತ."

ಅವಳು ಪರ್ಸಿನಿಂದ ಸಭೆಯ ದಿನ ಸುಮೇಧಾ ಕೊಟ್ಟಿದ್ದ ಕಾರ್ಡು ತೆಗೆದು ಫೋನು ಹಚ್ಚಿದಳು.

"ತಂಗಿ, ನಾ ಸೀತಾಬಾಯಿ. ಕೀಲಿ ಫಿಲ್ಮಿನಾಕಿ."

ಆಚೆ ಕುರ್ಚಿ ಎಳೆದ ಸದ್ದಾಯಿತು.

"ನಾ ಹೇಳಿದ್ದೆಲ್ಲಾ ಎಲ್ಲಿ ಹೋತು?"

"ಆಂಟಿ... ಫಸ್ಟ್ ಅವರಲ್ಲಿ ಹೇಳಿದ್ದು ರೆಕಾರ್ಡ್ ಆಗಲ್ಲ. ಕೆಂಪು ಲೈಟ್ ಹತ್ತಿದ ಮೇಲೆ ಹೇಳಿದ್ದು ಮಾತ್ರ ಲೆಕ್ಕಕ್ಕೆ. ನೀವು ಆಮೇಲೂ ಮಾತಾಡ್ತೀರ ಅನ್ಕೊಂಡೆ."

"ಇದನ್ನ ಮೊದಲ ಹೇಳಲಿಲ್ಲ?"

"ನಿಮಗೆ ಕಷ್ಟ ಆಗ್ಬಾರ್ದು ಅಂತ..."

"ಕೆಂಪ ದೀಪದಾಗ ನಾ ಅಂದದ್ದೇನ ಬಂದದ?"

ಕಾಗದ ತಿರುವಿದ ಸದ್ದು. "'ಅರ್ಥವಾಗದ ಮಾತು' ಅಂತ ಬಂದಿದೆ ಆಂಟಿ."

ಸೀತಾಬಾಯಿ ಗೋಡೆಗೆ ಒರಗಿದಳು. ಅವಳಿಗೆ ಇನ್ನೊಂದು ಕೇಳಬೇಕಿತ್ತು.

"ಯಾರೂ ಏನೂ ಹೇಳಿಲ್ಲ ಅಂತ ಬರದವರು ಯಾರವ್ವಾ?"

"ನಾನೇ ಆಂಟಿ. ಆ ಕಲಮು ನನಗೆ ಕೊಟ್ಟಿದ್ರು. ನಾನು ಕೇಳ್ದೆ. ರೆಕಾರ್ಡಲ್ಲಿ ಇಲ್ದಿರೋದನ್ನ ಬರೆಯೋ ಹಾಗಿಲ್ಲ ಅಂದ್ರು."

"ನೀ ಅಳಬ್ಯಾಡ," ಅಂದಳು ಸೀತಾಬಾಯಿ. "ಯಾವತ್ತು ಪಾಸ್ ಮಾಡ್ತಾರ, ಅದನ್ನ ಹೇಳು."

*

ಬುಧವಾರ ಬೆಳಿಗ್ಗೆ ಶ್ಯಾಮಸುಂದರನೇ ಆಸ್ಟಿನ್ನಿಗೆ ಡ್ರೈವ್ ಮಾಡಿದ. ಮೂರು ತಾಸಿನ ದಾರಿ. ಹೊರಡುವಾಗ ಗ್ಯಾರೇಜಿನಿಂದ ಏನೋ ತಂದು ತಂಗಿಯ ಮಡಿಲಿಗೆ ಇಟ್ಟಿದ್ದ. ಫಿಲ್ಮಿನ ಉಳಿದ ಡಬ್ಬಿ.

ಕಟ್ಟಡದ ಮುಂದೆ ಲೂಯಿಸ್ ನಿಂತಿದ್ದ. ಜೊತೆಗೆ ಗುಂಪಿನ ಉಳಿದ ಮೂವರು. ಪ್ರಹ್ಲಾದನ ಜಾಗಕ್ಕೆ ಇನ್ನೊಬ್ಬ ಬಂದಿದ್ದನಂತೆ. ಅವನು ಬಂದಿರಲಿಲ್ಲ, ಅವನಿಗಿನ್ನೂ ನಲವತ್ತು ದಿನವಾಗಿತ್ತು. ಈ ನಾಲ್ವರದು ಶುಕ್ರವಾರಕ್ಕೆ ಎಂಬತ್ತೊಂಬತ್ತು ಮುಗಿದಿತ್ತು. ಸೋಮವಾರ ಮತ್ತೆ ಕರೆದಿರಲಿಲ್ಲ, ಕಳೆದುಕೊಳ್ಳಲು ಕೆಲಸವೇ ಇರಲಿಲ್ಲ.

ಮೇಲೆ ಮೂವರು ಕಮಿಷನರ್‌ಗಳು. ಕೆಳಗೆ ಸ್ಟಾಫಿನ ಮೇಜು. ಸುಮೇಧಾ ಅಲ್ಲಿ ಕಾಗದ ಜೋಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಕಲಮು ಓದಿದರು. ವಿರೋಧವಿಲ್ಲ ಎಂದರು. ಸೀತಾಬಾಯಿ ಎದ್ದು ನಡೆದು ಮೈಕಿನ ಮುಂದೆ ನಿಂತಳು. ಈ ಸಲ ಕೆಂಪು ದೀಪ ನೋಡಿಕೊಂಡೇ ನಿಂತಳು.

"ನನ್ನ ಗಂಡನ ಹೆಸರು ಪ್ರಹ್ಲಾದ. ಬ್ಯಾಡ್ಜ ಅವರ ಕೊರಳಾಗ ಇರಲಿಲ್ಲ."

ಅಧ್ಯಕ್ಷರು ಸೌಮ್ಯವಾಗಿ ಏನೋ ಅಂದರು. ಅಭಿಪ್ರಾಯ ಹೇಳುವ ಕಾಲ ಮುಗಿದಿದೆ ಎಂದು ಅವಳಿಗೂ ತಿಳಿಯಿತು. ಮೈಕು ಸತ್ತಿತು. ಕಾವಲಿನವನು ಮೆತ್ತಗೆ ತೋಳು ಹಿಡಿದ. ಸುಮೇಧಾ ಅರ್ಧ ಎದ್ದಿದ್ದಳು. ಅವಳ ಮುಂದಿನ ಮೈಕು ಇನ್ನೂ ಬದುಕಿತ್ತು. ಅವಳು ಅದನ್ನು ನೋಡಿದಳು. ಕೂತಳು.

ಮೂರು ಕೈ ಮೇಲಕ್ಕೆ ಹೋದವು. ಎಲ್ಲ ಸೇರಿ ನಾಲ್ಕು ನಿಮಿಷ.

ಹೊರಗೆ ಓಕ್ ಮರದ ನೆರಳಿನಲ್ಲಿ ನಾಲ್ವರೂ ಕೈ ಕಟ್ಟಿ ನಿಂತಿದ್ದರು. ಬಾಗಿಲು ತೆರೆದು ಸುಮೇಧಾ ಓಡಿ ಬಂದಳು. ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ ಅಲ್ಲಾಡುತ್ತಿತ್ತು.

"ಆಂಟಿ, ನಾನು..."

"ನಿನ್ನ ಬಾಯಿ ಒಳಗಽ ಕಟ್ಟಿ ಹಾಕ್ಯಾರಲ್ಲ," ಅಂದಳು ಸೀತಾಬಾಯಿ. ಧ್ವನಿಯಲ್ಲಿ ಸಿಟ್ಟಿತ್ತು, ಕಣ್ಣಲ್ಲಿ ನೀರಿತ್ತು. "ಇಲ್ಲಿ ಕೆಂಪ ದೀಪಿಲ್ಲ. ಇಲ್ಲೆ ಮಾತಾಡ್ತೀ? ನಾ ಹೇಳೋದನ್ನ ಇವರಿಗೆ ತಿಳಿಸಿ ಹೇಳು."

ಸುಮೇಧಾ ತಲೆಯಾಡಿಸಿದಳು.

ಸೀತಾಬಾಯಿ ಡಬ್ಬಿ ತೆರೆದಳು. ನಾಲ್ವರ ಅಂಗೈಗೂ ಎರಡೆರಡು ಪೊಟ್ಟಣ ಇಟ್ಟಳು.

"ನಾಳೆ ಯಾವುದಾದರ ಒಂದು ಯಾರ್ಡಿನಾಗ ಕೆಲಸ ಸಿಕ್ಕೇ ಸಿಗತದ. ಬ್ಯಾಡ್ಜ ಕೊಡೂದಿಲ್ಲ. ಒಂದರ ಮ್ಯಾಲೆ ಸಣ್ಣ ಕೀಲಿ ಇಡ್ರಿ. ಟೇಪ್ ಸುತ್ರಿ. ಎದಿಮ್ಯಾಲೆ ಇಟ್ಕೋರಿ. ಇನ್ನೊಂದು ಮನ್ಯಾಗ ದೇವರ ಮುಂದ ಇಡ್ರಿ. ಎರಡು ತಿಂಗಳಿಗೆ ನಮ್ಮ ಅಣ್ಣನ ಕಡೆ ತರ್ರಿ. ಅಂವಾ ತೊಳದು ಕೊಡ್ತಾನ."

ಶ್ಯಾಮಸುಂದರ ಕಾರಿನ ಹತ್ತಿರ ನಿಂತು ಹೂಂ ಅಂದ.

ಸುಮೇಧಾ ಇಂಗ್ಲಿಷ್ ಮಾಡಿದಳು. ಲೂಯಿಸ್ ಅದನ್ನು ಉಳಿದವರಿಗೆ ಸ್ಪ್ಯಾನಿಷ್ ಮಾಡಿದ. ಯಾರೂ ಏನೂ ಕೇಳಲಿಲ್ಲ. ಅವರಿಗೆ ಬ್ಯಾಡ್ಜು ಗೊತ್ತಿತ್ತು, ಕ್ಯಾಬಿನ್ನು ಗೊತ್ತಿತ್ತು.

ಲೂಯಿಸ್ ಜೇಬಿನಿಂದ ಕೀಲಿಯ ಗೊಂಚಲು ತೆಗೆದ. ಒಂದು ಪೊಟ್ಟಣವನ್ನು ಅಂಗೈಯಲ್ಲಿಟ್ಟು ಒಂದೊಂದೇ ಕೀಲಿಯನ್ನು ಅದರ ಮೇಲೆ ಅಳೆದು ನೋಡಿದ. ಮನೆಯದು ಉದ್ದವಾಯಿತು. ಟ್ರಕ್ಕಿನದು ದಪ್ಪವಾಯಿತು. ಟಪಾಲು ಪೆಟ್ಟಿಗೆಯದು ಸರಿಹೋಯಿತು. ಉಗುರು ತೂರಿಸಿ ಅದನ್ನು ಗೊಂಚಲಿನ ಬಳೆಯಿಂದ ಬಿಡಿಸತೊಡಗಿದ.